ಹಿಂಜಿದ ಹತ್ತಿಯ ಪಾಠ

ಹಾಸಿಗೆಯವರು ಹತ್ತಿ ಹಿಂಜುವ ಬಿಲ್ಲನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡದ್ದು 1973ರ ಜೂನ್ 4ರಂದು, ಸೋಮವಾರ. ಆಗ ಅವರಿಗೆ ಹದಿನಾರು ವರ್ಷ. ಅಂದಿನಿಂದ ಊರಿನ ಅರ್ಧ ಜನ ಅವರು ಹೊಲಿದ ಹಾಸಿಗೆಯ ಮೇಲೆಯೇ ಹಾಯಾಗಿ ನಿದ್ದೆ ಹೋದರು. ಅವರ ಹುಬ್ಬಿನಲ್ಲಿ ಮಾತ್ರ ಸದಾ ಒಂದೆರಡು ಹತ್ತಿಯ ಎಳೆ. ನಾಲ್ಕನೆಯ ತರಗತಿಗೇ ಶಾಲೆಗೆ ಶರಣು ಹೊಡೆದಿದ್ದ ಅವರು ತಮ್ಮ ಒಬ್ಬಳೇ ಮಗಳನ್ನು ಟೀಚರ್ ಮಾಡಿದ್ದರು.

ಮಗಳದು ಮೂರು ವರ್ಷಗಳಿಂದ ಹಂಗಾಮಿ ಕೆಲಸ. 2012ರ ಜನವರಿ 19ರಂದು, ಗುರುವಾರ, ಶಾಲಾ ಇನ್ಸ್‌ಪೆಕ್ಟರ್ ಬಂದು ಅವಳ ಪಾಠವನ್ನು ನೋಡುವವರಿದ್ದರು. ಅವರು ಮೆಚ್ಚಿದರೆ ಕೆಲಸ ಖಾಯಂ. ಇಲ್ಲವಾದರೆ ಮಾರ್ಚ್ 31ಕ್ಕೆ ಮುಕ್ತಾಯ. ಪಾಠದ ವಿಷಯ, ಚಳಿನಾಡಿನ ಪ್ರಾಣಿಗಳು ಮೈ ಬೆಚ್ಚಗಿಟ್ಟುಕೊಳ್ಳುವ ಬಗೆ.

ಅದಕ್ಕೆ ಎರಡು ದಿನ ಮೊದಲು, ಮಂಗಳವಾರ ಸಂಜೆ, ಅವಳು ಅಡುಗೆಮನೆಯಲ್ಲಿ ಎರಡು ಬಾಟಲಿಗಳಿಗೆ ಬಿಸಿನೀರು ತುಂಬಿ, ಒಂದಕ್ಕೆ ತನ್ನ ಹಳೆಯ ದಿಂಬಿನ ಹತ್ತಿಯನ್ನು ಸುತ್ತಿ, ಮುಕ್ಕಾಲು ಗಂಟೆ ಕಾದಳು. ಥರ್ಮಾಮೀಟರ್ ಇಟ್ಟು ನೋಡಿದರೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

"ಅಪ್ಪ, ಈ ಹತ್ತಿಗೆ ಏನಾಗಿದೆ?" ಎಂದಳು, ಮುಖ ಸಪ್ಪೆ ಮಾಡಿಕೊಂಡು.

ಹಾಸಿಗೆಯವರು ಹತ್ತಿಯನ್ನು ಎರಡು ಬೆರಳಿನಲ್ಲಿ ಹಿಸುಕಿ ನೋಡಿದರು. "ಹನ್ನೊಂದು ವರ್ಷ ನಿನ್ನ ತಲೆ ಹೊತ್ತು ಹಲಗೆ ಆಗಿದೆ."

"ನನ್ನ ತಲೆ ಅಷ್ಟು ಭಾರನಾ?"

"ಓದಿದ ತಲೆ ಅಲ್ವಾ ತಾಯಿ. ಒಳಗಿನ ಗಾಳಿಯೆಲ್ಲ ಹೋಗಿದೆ. ಬೆಚ್ಚಗಿಡೋದು ಬರೀ ಹತ್ತಿ ಅಲ್ಲ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ಹಿಂಜಿದ್ರೆ ಮತ್ತೆ ಸೇರುತ್ತೆ."

"ಹಾಗಾದ್ರೆ ಕ್ಲಾಸಿಗೆ ಬಂದು ಹಿಂಜಿ ತೋರಿಸು."

"ಇನ್ಸ್‌ಪೆಕ್ಟರ್ ಮುಂದೆ ನಾನು ಬಾಯಿ ಬಿಟ್ರೆ ನಿನ್ನ ಕೆಲಸಕ್ಕೇ ಕುತ್ತು."

"ಬಾಯಿ ಬಿಡಬೇಡ. ಬಿಲ್ಲು ಆಡಿಸು, ಸಾಕು."

ಗುರುವಾರ ತರಗತಿಯಲ್ಲಿ ಬಿಲ್ಲಿನ ನಾದಕ್ಕೆ ಮಕ್ಕಳ ಗದ್ದಲವೇ ಅಡಗಿತು. ಅದೇ ದಿಂಬಿನ ಹತ್ತಿಯನ್ನು ಸಮವಾಗಿ ತೂಗಿ ಎರಡು ಪಾಲು ಮಾಡಿ, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಹಿಂಜಿದ್ದಾಯಿತು. ಮುಕ್ಕಾಲು ಗಂಟೆಯ ಬಳಿಕ ಹಲಗೆಯಂಥ ಹತ್ತಿ ಸುತ್ತಿದ ಬಾಟಲಿ 46 ಡಿಗ್ರಿ, ಹಿಂಜಿದ್ದು ಸುತ್ತಿದ ಬಾಟಲಿ 55. ಮಗಳು ಹಿಮಕರಡಿಯ ದಟ್ಟ ರೋಮ, ಸೀಲ್ ಎಂಬ ಕಡಲಪ್ರಾಣಿಯ ಚರ್ಮದಡಿಯ ಕೊಬ್ಬು, ಹಕ್ಕಿಯ ಪುಕ್ಕ ಎಲ್ಲವನ್ನೂ ವಿವರಿಸಿದಳು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ಹಕ್ಕಿಗೆ ಹಿಂಜಿ ಕೊಡೋರು ಯಾರು?"

ತರಗತಿ ಗೊಳ್ಳೆಂದು ನಕ್ಕಿತು. ಇನ್ಸ್‌ಪೆಕ್ಟರರ ಪೆನ್ನು ನಿಂತಿತು. ಹಾಸಿಗೆಯವರಿಗೆ ತಡೆಯಲಾಗಲಿಲ್ಲ.

"ಯಾರೂ ಇಲ್ಲ ಪುಟ್ಟಿ. ಚಳೀಲಿ ಗುಬ್ಬಿ ಚೆಂಡಿನ ಹಾಗೆ ಉಬ್ಬಿ ಕೂತಿರೋದು ನೋಡಿದ್ದೀಯಾ? ಪುಕ್ಕ ಎಬ್ಬಿಸಿಕೊಂಡು ಗಾಳಿ ಹಿಡಿದಿಟ್ಟುಕೊಳ್ಳುತ್ತೆ. ಆ ವಿದ್ಯೆ ಅದಕ್ಕೆ ಬರದೇ ಇದ್ದಿದ್ರೆ ನನಗೆ ಎಷ್ಟೊಂದು ಗಿರಾಕಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಇನ್ಸ್‌ಪೆಕ್ಟರು ಅವರತ್ತ ನೋಡದೆ ಮಗಳತ್ತ ತಿರುಗಿದರು.

"ಚಳಿಯಾದ್ರೆ ನಮ್ಮ ಕೈ ಮೇಲಿನ ರೋಮವೂ ನಿಲ್ಲುತ್ತಲ್ಲ ಟೀಚರ್. ಅದೂ ಇದೇನಾ?"

ಹಾಸಿಗೆಯವರು ಬಿಲ್ಲನ್ನು ಎದೆಗವಚಿಕೊಂಡು ಮಗಳತ್ತ ನೋಡಿದರು.

"ಇದೇ ಸರ್," ಎಂದಳು ಮಗಳು. "ಆದ್ರೆ ಗಾಳಿ ಹಿಡಿಯುವಷ್ಟು ದಟ್ಟ ರೋಮ ನಮಗಿಲ್ಲ. ಅದಕ್ಕೇ ಹಾಸಿಗೆಯವರು ಬೇಕು."

ಇನ್ಸ್‌ಪೆಕ್ಟರು ನಗುವನ್ನು ಮೀಸೆಯಲ್ಲೇ ಮುಚ್ಚಿಟ್ಟು ಏನನ್ನೋ ಬರೆದುಕೊಂಡರು.

ಆದೇಶ ಬಂದದ್ದು ಮಾರ್ಚ್ 12ರ ಸೋಮವಾರ. ಮಗಳು ಅದನ್ನು ಹಿಡಿದು ನೇರವಾಗಿ ಅಪ್ಪನ ಹಾಸಿಗೆ ಅಂಗಡಿಗೇ ಬಂದಳು. ಹಾಸಿಗೆಯವರು ಕೈ ಒರೆಸಿಕೊಂಡು ಕಾಗದವನ್ನು ತೆಗೆದುಕೊಂಡರು.

"ಖಾಯಂ ಅಂತ ಎಲ್ಲಿದೆ, ತೋರಿಸು."

ಅವಳು ಬೆರಳಿಟ್ಟು ತೋರಿಸಿದಳು. ಅವರು ಆ ಪದವೊಂದನ್ನೇ ಮೂರು ಸಲ ಓದಿದರು.