ಟೀಚರ್ ನೋಡದೇ ಹೋದ ಗುಡಿಸಲು

ಮೊನ್ನೆ ಮಗಳನ್ನು ಡೇಕೇರಿಗೆ ಬಿಡುವಾಗ ಒಳಗಿನಿಂದ ಗೆಣಸು ಬೇಯುವ ವಾಸನೆ ಬಂತು. ಅಮೆರಿಕಕ್ಕೆ ಮೊದಲು ಬಂದಾಗ ನೆವಾರ್ಕಿನಲ್ಲಿದ್ದ ನಮ್ಮ ಹಳೆಯ ಅಪಾರ್ಟ್‌ಮೆಂಟು ನೆನಪಾಯಿತು. ಅಲ್ಲಿ ಪಕ್ಕದ ಮನೆಯಲ್ಲಿದ್ದ ಕಪ್ಪುವರ್ಣದ ಹಿರಿಯ ಹೆಂಗಸೊಬ್ಬರು ಭಾನುವಾರ ಚರ್ಚಿನಿಂದ ಬಂದು ಗೆಣಸು ಬೇಯಿಸಿ, ಎರಡು ನನಗೂ ತರುತ್ತಿದ್ದರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಸರು ಹಿಡಿದು ಕರೆ ಎನ್ನುತ್ತಿದ್ದರು. ಮೈಸೂರಿನಲ್ಲಿ ಬೆಳೆದ ನನಗೆ ಅಷ್ಟು ದೊಡ್ಡವರ ಹೆಸರು ನಾಲಿಗೆಗೆ ಬರಲಿಲ್ಲ. ಟೀಚರ್ ಎಂದೇ ಕರೆದೆ.

ಡಾಟ್‌ಕಾಂ ದಿನಗಳು ಅವು. ಗಂಡ ಬೆಳಿಗ್ಗೆ ಫ್ರೀವೇ ಹಿಡಿದರೆ ಅವರಿಗೆ ಮನೆಯ ನೆನಪೇ ಇರುತ್ತಿರಲಿಲ್ಲ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಟೀಚರ್ ಮನೆಯೇ ನನ್ನ ಆಫೀಸು.

ಅವರಿಗೊಂದು ಆಸೆಯಿತ್ತು. ವರ್ಜೀನಿಯಾದ ಒಂದು ತೋಟದಲ್ಲಿ ಗುಲಾಮಳ ಮಗನಾಗಿ ಹುಟ್ಟಿದವನೊಬ್ಬ, ಬಿಡುಗಡೆಯಾದ ಮೇಲೆ ಓದಿ, ತನ್ನ ಜನಕ್ಕಾಗಿ ಶಾಲೆ ಕಟ್ಟಿದನಂತೆ. ಟೀಚರ್ ಅವರ ಅಜ್ಜಿ ಅಕ್ಷರ ಕಲಿತದ್ದು ಆ ಶಾಲೆಯಲ್ಲೇ. ಅವನು ಹುಟ್ಟಿದ ಗುಡಿಸಲಿನ ಜಾಗವನ್ನು ಸರಕಾರ ಕಾಪಾಡಿಕೊಂಡು ಬಂದಿದೆ. ಅದನ್ನು ನೋಡಬೇಕು, ಆದರೆ ಅಲ್ಲಿ ಒಬ್ಬಳೇ ನಿಲ್ಲಲಾರೆ ಎನ್ನುತ್ತಿದ್ದರು. ತಂಗಿಯನ್ನು ಕರೆದರೆ, ನಮ್ಮವರು ಗುಲಾಮರಾಗಿ ದುಡಿದ ಆ ನೆಲಕ್ಕೆ ಕಾಲಿಡುವುದಿಲ್ಲ ಎಂದಿದ್ದರಂತೆ. ನಾನು ಬರುತ್ತೇನೆಂದು ಒಪ್ಪಿದೆ. ಗಂಡ ಕೇಳಿ ನಕ್ಕರು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆಫೀಸು ಉಳಿಯುತ್ತೋ ಇಲ್ವೋ, ಮೊದ್ಲು ಅದು ನೋಡೋಣ."

ಉಳಿಯಲಿಲ್ಲ. ಕಂಪನಿ ಬಾಗಿಲು ಹಾಕಿತು, ವೀಸಾ ಹೋಯಿತು. ಮಂಚ, ಪಾತ್ರೆ ಎಲ್ಲ ಯಾರ್ಯಾರಿಗೋ ಕೊಟ್ಟು ಹತ್ತೇ ದಿನದಲ್ಲಿ ಊರಿಗೆ ಹೊರಟೆವು. ಟ್ಯಾಕ್ಸಿ ಬಂದಾಗ ಟೀಚರ್ ಬಾಗಿಲಲ್ಲಿ ನಿಂತಿದ್ದರು. ನಮ್ಮಲ್ಲಿ ಹೊರಡುವಾಗ 'ಹೋಗ್ತೀನಿ' ಎನ್ನಬಾರದು. ಮನೆಯ ದಖನಿ ಉರ್ದುವಿನಲ್ಲಿ 'ಜಾಕೋ ಆತೂಂ', ಬೀದಿಯ ಕನ್ನಡದಲ್ಲಿ 'ಹೋಗಿ ಬರ್ತೀನಿ'. ಎರಡೂ ಒಂದೇ. ಅದನ್ನೇ ನಾನು ಇಂಗ್ಲಿಷಿಗೆ ತಿರುಗಿಸಿದೆ.

"ಐ ವಿಲ್ ಗೋ ಅಂಡ್ ಕಮ್, ಟೀಚರ್."

ಅವರು ನನ್ನ ಕೈ ಹಿಡಿದು, ಹಾಗಾದರೆ ಕಾಯುತ್ತೇನೆ ಎಂದರು. ಅದೂ ಬೀಳ್ಕೊಡುವ ಮಾತೆಂದುಕೊಂಡೆ...

ಮತ್ತೆ ಅಮೆರಿಕಕ್ಕೆ ಬರಲು ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ಕಾಗದವನ್ನೂ ಬರೆದಿರಲಿಲ್ಲ. ಇವತ್ತು, ನಾಳೆ ಎಂದು... ಹೋಗಿ ನೋಡಿದರೆ ಆ ಮನೆಯಲ್ಲಿ ಅವರ ತಂಗಿ ಇದ್ದರು. ಟೀಚರ್ ತೀರಿಕೊಂಡು ಎರಡು ವರ್ಷವಾಗಿತ್ತು. ಚರ್ಚಿನವರು ಗುಂಪಾಗಿ ವರ್ಜೀನಿಯಾಕ್ಕೆ ಹೊರಟಾಗಲೂ ಅವರು ಹೋಗಲಿಲ್ಲವಂತೆ. ಪಕ್ಕದ ಮನೆ ಹುಡುಗಿ ಬರುತ್ತೇನೆ ಎಂದಿದ್ದಾಳೆ, ಅವಳ ಜೊತೆ ಹೋಗುತ್ತೇನೆ ಎಂದರಂತೆ. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

ಹೋದ ತಿಂಗಳು ಒಬ್ಬಳೇ ವರ್ಜೀನಿಯಾದ ಆ ತೋಟಕ್ಕೆ ಹೋದೆ. ಮರದ ದಿಮ್ಮಿಗಳ ಒಂದೇ ಕೋಣೆ, ಮಣ್ಣಿನ ನೆಲ, ಒಲೆಯ ಮುಂದೆ ಗೆಣಸು ಕೂಡಿಡುವ ಗುಂಡಿ. ಅಭ್ಯಾಸಬಲ, ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಗೈಡು ಹೆಂಗಸು ಸಂಕೋಚದಿಂದ, ಇದು ಆಮೇಲೆ ಅದೇ ಮಾದರಿಯಲ್ಲಿ ಕಟ್ಟಿದ್ದು, ಅಸಲು ಗುಡಿಸಲು ಎಂದೋ ಹೋಯಿತು ಎಂದಳು. ಅದಿದ್ದ ಜಾಗದಲ್ಲಿ ಹುಲ್ಲಿನ ಮೇಲೆ ಗುರುತಿಗೆ ಕಲ್ಲು ಸಾಲಿಟ್ಟಿದ್ದರು. ಅದರ ನಡುವೆ ಬರಿಗಾಲಲ್ಲೇ ನಿಂತೆ. ಟೀಚರ್ ಇದ್ದಿದ್ದರೆ ಏನು ಮಾಡುತ್ತಿದ್ದರೋ. ನನಗೆ ಕಾಲು ತಣ್ಣಗಾಯಿತು, ಅಷ್ಟೇ.

ನಿನ್ನೆ ಫೋಟೋಗಳನ್ನು ಅವರ ತಂಗಿಗೆ ಒಯ್ದೆ. ಒಂದೊಂದನ್ನೇ ನೋಡಿದರು. ತಿರುಗಿ ಕೊಡಲಿಲ್ಲ. ಟೀಚರಿಗೆ ನನ್ನ ಮೇಲೆ ಸಿಟ್ಟಿತ್ತೇ ಎಂದು ಕೇಳಿದೆ.

"ಸಿಟ್ಟೇಕೆ? ಮಾತು ಕೊಟ್ಟವಳು ಬರಲಿಲ್ಲ ಅಂದ್ರೆ, ಪಾಪ, ಅವಳಿಗೇ ಏನೋ ಆಗಿರಬೇಕು ಅಂತಿದ್ದಳು ಅಕ್ಕ. ಕೊನೇವರೆಗೂ ಚರ್ಚಿನಲ್ಲಿ ನಿನಗೋಸ್ಕರ ಪ್ರಾರ್ಥನೆ ಮಾಡಿಸ್ತಿದ್ದಳು."

ಅದು ಕೊಟ್ಟ ಮಾತಲ್ಲ, ನಮ್ಮ ಕಡೆ ಹೊರಡುವವರೆಲ್ಲ ಹಾಗೇ ಹೇಳುವುದು ಎನ್ನಲು ಬಾಯಿ ತೆರೆದೆ. ಹೇಳಲಿಲ್ಲ. ಕೊಟ್ಟ ಮಾತೆಂದೇ ಇರಲಿ.