ಹುಣಸೆ ಮರದವರೆಗೂ ನಮ್ಮಪ್ಪನ ಕೆರೆ

ನಮ್ಮಪ್ಪ ತಮಟೆ ಹೊಡೆಸಿ ಇಡೀ ಕೆರೆ ತನ್ನೂರಿನದು ಎಂದು ಸಾರಿಸಿದ ದಿನ ನಾನು ಕೆರೆಯ ಈಚೆ ದಡದಲ್ಲಿ, ಗಂಡನ ಮನೆಯಲ್ಲಿ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ರಾಗಿ ಬೀಸುತ್ತಿದ್ದೆ. ತಮಟೆಯವನು ನನ್ನನ್ನು ತೊಟ್ಟಿಲಿನಿಂದ ಬಲ್ಲವನು. ಬಾಗಿಲ ಮುಂದೆ ಬಂದು ನನ್ನ ಮುಖ ನೋಡಿ ಸಂಕೋಚಪಟ್ಟುಕೊಂಡು ಮೆಲ್ಲಗೆ ಎರಡೇಟು ಹಾಕಿ, "ಪಟೇಲ್ರು ಯೋಳವ್ರೆ, ನೀರು ಮುಟ್ಟಿದ್ ಜಾಗ ಎಲ್ಲಾ ನಮ್ಮೂರ್ದಂತೆ. ನೀನ್ ಚೆನ್ನಾಗಿದೀಯಾ ತಾಯಿ?" ಎಂದು ಎರಡನ್ನೂ ಒಂದೇ ರಾಗದಲ್ಲಿ ಹೇಳಿದ. ಚೆನ್ನಾಗಿದ್ದೇನೆ ಎಂದೆ. ಒಳಗಿನಿಂದ ನಮ್ಮತ್ತೆ ಕೆಮ್ಮಿದರು. ಅವರಿಗೆ ನೆಗಡಿ ಇಲ್ಲದೆ ಕೆಮ್ಮು ಬಂತೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಬಂಗಾರಪೇಟೆಯಿಂದ ಕ್ಯಾಸಂಬಳ್ಳಿ ಕಡೆಗೆ ಹೋಗುವ ದಾರಿ ಬಿಟ್ಟು ಒಳಕ್ಕೆ ನಡೆದರೆ ನಮ್ಮ ಕೆರೆ. ಅದರ ಒಂದು ದಡಕ್ಕೆ ನನ್ನ ತವರು, ದೊಡ್ಡ ಊರು. ಅಪ್ಪ ಅಲ್ಲಿಯ ಪಟೇಲ. ಎದುರು ದಡದ ಉದ್ದಕ್ಕೂ ಮೂರು ಸಣ್ಣ ಹಳ್ಳಿಗಳು. ಮೂರನ್ನೂ ಒಟ್ಟು ಸೇರಿಸಿದರೂ ದೊಡ್ಡೂರಿನ ಒಂದು ಬೀದಿ ತುಂಬುತ್ತಿರಲಿಲ್ಲ. ನಡುವಿನದು ನನ್ನ ಗಂಡನ ಊರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆಲ್ಲ ಕೆರೆ ಅಂಗಳದ ಮೆಕ್ಕಲು ಮಣ್ಣಿನಲ್ಲಿ ಈ ಮೂರು ಹಳ್ಳಿಯವರು ಸೌತೆ ಬಳ್ಳಿ ಹಾಕುತ್ತಿದ್ದರು. ನಮ್ಮತ್ತೆ ಆ ಕಾಯಿಗಳನ್ನು ಬುಟ್ಟಿಯಲ್ಲಿ ಹೊತ್ತು ಚಿನ್ನದ ಗಣಿಯ ಊರಾದ ಕೋರಮಂಡಲ್‌ಗೆ ಹೋಗಿ, ಗಣಿಯಿಂದ ಪಾಳಿ ಮುಗಿಸಿ ಮೇಲೆ ಬಂದವರಿಗೆ ಉಪ್ಪು ಖಾರ ಸವರಿ ಮಾರುತ್ತಿದ್ದರು. ಗಂಡ ಸತ್ತ ಮೇಲೆ ಒಬ್ಬನೇ ಮಗನನ್ನು ಸಾಕಿದ್ದೇ ಆ ಸೌತೆಕಾಯಿಯಿಂದ. ಅಂಗಳ ಕೈಬಿಟ್ಟರೆ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಒಲೆ ಉರಿಯುವುದಿಲ್ಲ.

ಅಪ್ಪನ ವಾದ ಸರಳವಾಗಿತ್ತು. ಕೆರೆ ಕಟ್ಟಿಸಿದ್ದು ತನ್ನ ಹಿರಿಯರು. ನೀರು ಒಂದು ಸಲ ಮುಟ್ಟಿದ ಜಾಗ ಎಂದೆಂದಿಗೂ ಕೆರೆಯೇ. ತನ್ನ ತಾತನ ಕಾಲದಲ್ಲಿ ಜಡಿಮಳೆ ಹಿಡಿದು ನೀರು ನಮ್ಮ ಹಳ್ಳಿಯ ಹುಣಸೆ ಮರದವರೆಗೂ ಏರಿತ್ತಂತೆ, ಮರದ ಬುಡದಲ್ಲಿ ಮೊಳದುದ್ದದ ಮೀನು ಸಿಕ್ಕಿತ್ತಂತೆ. ಸಾಕ್ಷಿ ಯಾರು ಎಂದರೆ, ಹಿಡಿದವನು ಸತ್ತಿದ್ದ, ತಿಂದವರು ಸತ್ತಿದ್ದರು, ಮೀನಂತೂ ಎಲ್ಲರಿಗಿಂತ ಮೊದಲೇ ಸತ್ತಿತ್ತು. ಆದರೂ ಊರಿನ ತಳವಾರ ಬಂದು ಮೂರು ಹಳ್ಳಿಗಳಲ್ಲೂ ಅಪ್ಪ ಹೇಳಿದ ಕಡೆ ಸುಣ್ಣ ಬಳಿದ ಕಲ್ಲು ನೆಟ್ಟು ಹೋದ. ಅಪ್ಪ ಮೊಂಡ. ಬಾಯಿಂದ ಒಂದು ಮಾತು ಬಿದ್ದ ಮೇಲೆ ಅದನ್ನು ವಾಪಸು ತೆಗೆದುಕೊಂಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆ ಮೊಂಡುತನ ನನಗೂ ಬಂದಿದೆ ಎಂದು ನನ್ನ ಮಕ್ಕಳು ಹೇಳುತ್ತಾರೆ, ಹೇಳಿಕೊಳ್ಳಲಿ.

ಶನಿವಾರ ಸಂಜೆ ನಮ್ಮ ಯಜಮಾನರು ಕೋರಮಂಡಲ್‌ನಿಂದ ಬಂದರು. ಅವರಿಗೆ ಗಣಿಯಲ್ಲಿ ಕೆಲಸ. ವಾರವೆಲ್ಲ ತಮಿಳರ ಜೊತೆ ಇದ್ದೂ ಇದ್ದೂ ಮಾತಿಗೊಂದು 'ಪಾ' ಸೇರಿಸುವುದು ರೂಢಿಯಾಗಿತ್ತು. ಟೀ ಅಂಗಡಿಯಲ್ಲಿ ಪೇಪರು ಓದುವುದು ಇನ್ನೊಂದು ರೂಢಿ. ಹೊರಗೆ ನೆಟ್ಟಿದ್ದ ಕಲ್ಲು ನೋಡಿಕೊಂಡು ಬಂದವರೇ ಜಗಲಿಯ ಮೇಲೆ ಕುಳಿತು, "ಪೇಪರ್ನಾಗೂ ಇದೇ ಕತೆ ಪಾ," ಎಂದರು. "ಯಾವ್ದೋ ದೊಡ್ಡ ದೇಶದೋರು ಸಮುದ್ರದಾಗೆ ಗೀಟು ಎಳ್ದವ್ರಂತೆ. ಪಕ್ಕದ ಸಣ್ಣ ದೇಶದೋರ ಬಾಗ್ಲವರ್ಗೂ ನೀರೆಲ್ಲ ನಮ್ದೇ ಅಂತವ್ರೆ."

"ನೀರ್ ಮ್ಯಾಲೆ ಗೀಟು ಎಂಗೆ ನಿಲ್ತೈತೋ?" ಎಂದು ಅತ್ತೆ ಕೇಳಿದರು.

"ಕಾಗ್ದದ್ ಮ್ಯಾಲೆ ಎಳ್ದಿರೋದಮ್ಮ."

"ಓ, ಅಂಗೆ. ಸಣ್ಣ ದೇಶದೋರು ಏನ್ ಮಾಡುದ್ರು?"

"ಒಬ್ರು ಕೋರ್ಟಿಗೆ ಓದ್ರು. ಒಬ್ರು ಇನ್ನೊಂದ್ ದೊಡ್ಡ ದೇಶದ ಸ್ಟೀಮರು ಕರ್ಸಿ ನಿಲ್ಲುಸ್ಕೊಂಡ್ರು. ಮತ್ತೊಬ್ರು ದೊಡ್ಡೋರ ಸಾವಾಸ ನಮಗ್ಯಾಕೆ ಅಂತ ಬಾಯ್ ಮುಚ್ಕೊಂಡ್ರು."

ಅತ್ತೆ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡರು. "ಆ ದೊಡ್ಡ ದೇಶದೋರು ಈ ಸಣ್ಣ ದೇಶಕ್ಕೆ ಎಣ್ಣು ಕೊಟ್ಟಿಲ್ವಾ?"

"ಅದೆಲ್ಲ ಪೇಪರ್ನಾಗೆ ಆಕಲ್ಲಮ್ಮ."

"ಕೊಟ್ಟಿದ್ರೆ ಇಷ್ಟ್ ಪೇಚಾಟ ಇರ್ತಿರ್ಲಿಲ್ಲ," ಎಂದು ನನ್ನ ಹೊಟ್ಟೆ ನೋಡಿದರು. ನನಗೆ ಆಗ ಏನೂ ಅರ್ಥವಾಗಲಿಲ್ಲ. ಹಸಿವಾಗುತ್ತಿದೆಯಾ ಎಂದು ಕೇಳುತ್ತಾರೆ ಅಂದುಕೊಂಡೆ.

ಪೇಪರಿನ ದೇಶಗಳು ಮಾಡಿದ್ದನ್ನೇ ನಮ್ಮ ಹಳ್ಳಿಗಳೂ ಮಾಡಿದವು. ಎಡಗಡೆಯ ಹಳ್ಳಿಯವರು ದೊಡ್ಡೂರಿನಿಂದ ಆರು ಮನೆಗೆ ಸೊಸೆಯರನ್ನು ತಂದಿದ್ದರು; ಬೀಗರ ಮೇಲೆ ಬಾಯಿ ಮಾಡಲಾಗದೆ ಸುಮ್ಮನಾದರು. ಸುಮ್ಮನಾಗಿದ್ದು ಸಾಲದು ಎಂದು ನಮ್ಮಪ್ಪನ ಮನೆಗೆ ಗಿಣ್ಣು ಹಾಲು ಬೇರೆ ಕಳಿಸಿದರು. ಬಲಗಡೆಯ ಹಳ್ಳಿಯವರು ಅರ್ಜಿ ಬರೆಸಿಕೊಂಡು ಬಂಗಾರಪೇಟೆ ತಾಲ್ಲೂಕು ಕಚೇರಿಗೆ ಹೋದರು. ಗುಮಾಸ್ತ ಮುಂದಿನ ವಾರ ಬನ್ನಿ ಎಂದ, ಹೋದರು. ಅದರ ಮುಂದಿನ ವಾರ ಬನ್ನಿ ಎಂದ, ಹೋದರು. ಹೋದಾಗಲೆಲ್ಲ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬರುತ್ತಿದ್ದರು. ಕೊನೆಕೊನೆಗೆ ಗುಮಾಸ್ತ ಬರಬೇಡಿ ಎಂದರೂ ಹೋಗುವ ಸ್ಥಿತಿಗೆ ಬಂದರು. ನಮ್ಮ ಯಜಮಾನರಿಗೆ ಸ್ಟೀಮರಿನ ಉಪಾಯ ಹಿಡಿಸಿತ್ತು, ಗಣಿಯ ಗೆಳೆಯರನ್ನು ಲಾರಿಯಲ್ಲಿ ಕರೆತರುತ್ತೇನೆ ಎಂದರು. "ಬತ್ತಾರೆ, ಇರೋ ಬರೋ ಸೌತೆಕಾಯೆಲ್ಲ ತಿಂದು ಓಗ್ತಾರೆ. ಸುಮ್ಕಿರು," ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ಹತ್ತು ಹದಿನೈದು ದಿನ ಕಳೆದು ನನ್ನನ್ನು ಕರೆದೊಯ್ಯಲು ತವರಿನಿಂದ ಗಾಡಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನದ ಖರ್ಚೆಲ್ಲ ತವರಿನದೇ. ನಮ್ಮ ಕಡೆ ಇದಕ್ಕೆ ಎರಡು ಮಾತಿಲ್ಲ. ಗಾಡಿಗೆ ಮೆತ್ತಗೆ ಹುಲ್ಲು ಹಾಸಿ, ಮೇಲೆ ನಮ್ಮಮ್ಮನ ಕೌದಿ ಹೊದಿಸಿದ್ದರು. ಆ ಕೌದಿ ನೋಡಿಯೇ ನನಗೆ ಅಳು ಬಂತು. ಅತ್ತೆ ಹೊರಗೆ ಬಂದು ಗಾಡಿಯವನನ್ನು ಕೇಳಿದರು:

"ಎಲ್ಲಿಗ್ ಕರ್ಕೊಂಡೋಗಕ್ಕೆ ಬಂದಿದೀಯಪ್ಪ?"

"ತವ್ರಿಗೆ."

"ಆ ಕಲ್ಲು ನೋಡು."

ನಾವೆಲ್ಲ ನೋಡಿದೆವು. ಹುಣಸೆ ಮರ ಇದ್ದದ್ದು ನಮ್ಮ ಮನೆಯ ಮುಂದೆ. ಕೆರೆ ಅಂಗಳ ಇದ್ದದ್ದು ಹಿತ್ತಿಲ ಕಡೆ. ಮರದ ಬುಡದಲ್ಲಿ ಕಲ್ಲು ನೆಡಿಸುವ ಹುಮ್ಮಸ್ಸಿನಲ್ಲಿ ಅಪ್ಪ, ಮರಕ್ಕೂ ಕೆರೆಗೂ ನಡುವೆ ತನ್ನ ಮಗಳ ಮನೆ ಇದೆ ಎನ್ನುವುದನ್ನೇ ಮರೆತಿದ್ದ. ಮನೆ, ಕೊಟ್ಟಿಗೆ, ಒಲೆ, ಒರಳು, ಅತ್ತೆ, ನಾನು, ನನ್ನ ಹೊಟ್ಟೆ, ಎಲ್ಲ ಅವನ ಕೆರೆಯೊಳಗೆ ಕುಳಿತಿದ್ದೆವು.

"ಪಟೇಲ್ರ ಲೆಕ್ಕದಾಗೆ ಇದು ನಿಮ್ಮೂರೇ," ಎಂದರು ಅತ್ತೆ. "ಉಡ್ಗಿ ತವ್ರಾಗೇ ಅವ್ಳೆ. ಇನ್ನೆಲ್ಲಿಗ್ ಕರ್ಕೊಂಡೋಗ್ತೀಯಾ? ಬಾಣಂತನದ್ ಸಾಮಾನು ಇಲ್ಲಿಗೇ ಕಳ್ಸಕ್ಕೆ ಯೋಳು."

ಗಾಡಿ ಖಾಲಿ ಹೋಯಿತು. ಮರುದಿನ ತುಂಬಿಕೊಂಡು ಬಂತು. ಇಲ್ಲ ಎಂದರೆ ಗೆರೆ ಸುಳ್ಳಾಗುತ್ತದಲ್ಲ, ಅದಕ್ಕೆ ಅಪ್ಪ ತುಪ್ಪ, ಕೊಬ್ಬರಿ, ಬೆಲ್ಲ, ಎರಡು ಕೋಳಿ, ಒಂದು ಗಾಡಿ ಸೌದೆ ಕಳಿಸಿದ್ದ. ಅತ್ತೆ ಕೋಳಿಗಳ ಎದೆ ಹಿಚುಕಿ ನೋಡಿ, ಬಡಕಲು ಎಂದು ಒಂದನ್ನು ವಾಪಸು ಮಾಡಿದರು. ಆಮೇಲೆ ಮನೆ ಸೋರುತ್ತದೆ, ಪಟೇಲರ ನೆಲದ ಮನೆಗೆ ಪಟೇಲರೇ ಹೆಂಚು ಹೊದಿಸಬೇಕು ಎಂದು ಹೇಳಿಕಳಿಸಿದರು. ಇದು ಗೊತ್ತಾಗಿದ್ದೇ ತಡ, ಬಾಯಿ ಮುಚ್ಚಿಕೊಂಡಿದ್ದ ಎಡಗಡೆಯ ಹಳ್ಳಿಯವರ ಬಾಯಿಯೂ ಬಿಟ್ಟಿತು. ಅಲ್ಲಿಯೂ ಕಲ್ಲಿನೊಳಗೆ ಮನೆಗಳಿದ್ದವು, ಮನೆಗಳೊಳಗೆ ದೊಡ್ಡೂರಿನ ಹೆಣ್ಣುಮಕ್ಕಳಿದ್ದರು. ನಿಮ್ಮ ಮಗಳು ತವರಿಗೆ ಬಂದು ತಿಂಗಳಾಯಿತು, ಒಂದು ಸೀರೆಯಾದರೂ ಬೇಡವೇ ಎಂದು ಆರು ಮನೆಯವರೂ ಬಹಳ ಮರ್ಯಾದೆಯಿಂದ ಹೇಳಿಕಳಿಸಿದರು. ಯಾರದೋ ಎಮ್ಮೆ ಸತ್ತಿತು. ಪಟೇಲರ ಕೆರೆಯಲ್ಲಿ ಸತ್ತಿದೆ, ಬಂದು ಎಳೆಸಬೇಕು ಎಂದು ಸುದ್ದಿ ಹೋಯಿತು. ನಮ್ಮಪ್ಪ ಅದನ್ನೂ ಎಳೆಸಿದ ಎಂದರೆ ಅವನು ಎಂಥ ಮನುಷ್ಯ ಎಂದು ನೀವೇ ಯೋಚಿಸಿ. ನಾಲ್ಕು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆ ಕಟ್ಟೆಯ ಉದ್ದಕ್ಕೂ ಅದನ್ನು ಎಳೆದುಕೊಂಡು ಹೋದರು, ಮೂರು ಹಳ್ಳಿಯವರು ನಿಂತು ನೋಡಿದರು.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಒಂಬತ್ತು ತುಂಬುತ್ತಾ ಬಂದಿತ್ತು. ಆ ಬೇಸಿಗೆಯಲ್ಲೇ ಪಕ್ಕದ ಹಳ್ಳಿಯಲ್ಲಿ ನನ್ನ ವಯಸ್ಸಿನವಳೊಬ್ಬಳು ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಹಿತ್ತಿಲಿಗೆ ಹೋದರೆ ನೀರಿನಾಚೆ ತವರಿನ ಮನೆಗಳು ಕಾಣುತ್ತಿದ್ದವು, ಬೆಳಗ್ಗೆ ಯಾರ ಮನೆಯಿಂದ ಹೊಗೆ ಏಳುತ್ತಿದೆ ಎಂದು ಕೂಡ ಹೇಳಬಹುದಿತ್ತು. ಅಪ್ಪನಿಗೂ ಅತ್ತೆಗೂ ಕೆರೆ ಬೇಕಿತ್ತು, ನನಗೆ ನಮ್ಮಮ್ಮ ಬೇಕಿತ್ತು. ಅದನ್ನು ಯಾರೂ ಕೇಳಲಿಲ್ಲ. ಒಂದು ದಿನ ತಡೆಯಲಾರದೆ ಅತ್ತೆಗೆ ಹೇಳಿಯೇಬಿಟ್ಟೆ: "ನಂಗ್ ಭಯ ಆಗ್ತೈತೆ ಅತ್ತೆ, ಕಳ್ಸ್ಕೊಡಿ."

"ಇನ್ನೊಂದೆಲ್ಡು ದಿನ ತಡ್ಕೊಳಮ್ಮ. ಈಗ ಕಳ್ಸುದ್ರೆ ನಾಳೆ ನಿನ್ ಮಕ್ಳಿಗೆ ಏನ್ ತಿನ್ನುಸ್ತೀಯಾ?"

ಸಿಟ್ಟಿಗೆ ಅವರ ಜೊತೆ ಮಾತು ಬಿಟ್ಟೆ. ಅವರು ಮನೆ ಎಷ್ಟು ತಣ್ಣಗಿದೆ ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ಓಡಾಡಿದರು.

ಕೊನೆಗೆ ಅಪ್ಪ ತಾನೇ ಬಂದ. ಅವನನ್ನು ಕಳಿಸಿದ್ದು ನಮ್ಮಮ್ಮ ಎಂದು ಆಮೇಲೆ ಗೊತ್ತಾಯಿತು. ಆ ಊರು ನಿನ್ನದೇ ಆದರೆ ನೀನೇ ಹೋಗಿ ಮಗು ಹಿಡಿ, ನನ್ನನ್ನು ಕೇಳಬೇಡ ಎಂದು ಮೂರು ದಿನ ಅಡುಗೆ ಮನೆ ಬಾಗಿಲು ಹಾಕಿದ್ದಳಂತೆ. ಅಪ್ಪ ತಲೆಗೆ ರುಮಾಲು ಸುತ್ತಿ, ಚಪ್ಪಲಿ ಕಳಚಿ ಜಗಲಿಯ ಹತ್ತಿರ ನಿಂತ. ಸುದ್ದಿ ತಿಳಿದು ಊರವರೆಲ್ಲ ಹುಣಸೆ ಮರದ ಕೆಳಗೆ ಸೇರಿದ್ದರು. ಅತ್ತೆ ಚಾಪೆ ಹಾಕಿ ನೀರು ಕೊಟ್ಟು, ತಾವು ಬಾಗಿಲಿಗೆ ಒರಗಿ ನಿಂತು, "ಏನಣ್ಣ ಬಂದಿದ್ದು?" ಎಂದರು.

"ಮಗಳ್ನ ಕರ್ಕೊಂಡೋಗಕ್ಕೆ."

"ಎಲ್ಲಿಂದ ಎಲ್ಲಿಗಣ್ಣ?"

ಅಪ್ಪ ಕಲ್ಲು ನೋಡಿದ. ಊರವರನ್ನು ನೋಡಿದ. ನಾನು ಬಾಗಿಲ ಹಿಂದೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದೆ, ನನ್ನನ್ನೂ ನೋಡಿದ. ಕಳಚಿಟ್ಟ ಚಪ್ಪಲಿಯ ಕಡೆ ತಿರುಗಿದ. ಹೋಗಿಬಿಡುತ್ತಾನೆ, ನನ್ನ ಕತೆ ಮುಗಿಯಿತು ಅಂದುಕೊಂಡೆ.

"ನಿಮ್ಮೂರಿಂದ ನಮ್ಮೂರ್ಗೆ," ಎಂದ ಅಪ್ಪ. ಯಾರೂ ಕೇಳದೆಯೇ, ಇನ್ನೂ ಸ್ವಲ್ಪ ಗಟ್ಟಿಯಾಗಿ, "ಅಂಗಳ ನಿಮ್ದು. ಕಲ್ಲು ಕಿತ್ತಾಕ್ಕೊಳ್ಳಿ," ಎಂದ.

ಅತ್ತೆ ಸೆರಗು ಹೊದ್ದುಕೊಂಡು ಬಗ್ಗಿ ಅವನ ಕಾಲಿಗೆ ಕೈ ಮುಟ್ಟಿಸಿದರು. ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಸಿಟ್ಟು. ಅಪ್ಪನನ್ನು ಅಷ್ಟು ಜನರ ಮುಂದೆ ಹಾಗೆ ನಿಲ್ಲಿಸಿದರಲ್ಲ ಎಂದು ಅತ್ತೆಯ ಮೇಲೆ, ಅಲ್ಲಿಯವರೆಗೂ ಬಿಟ್ಟುಕೊಂಡನಲ್ಲ ಎಂದು ಅಪ್ಪನ ಮೇಲೆ. ಗಾಡಿಯಲ್ಲಿ ಕುಳಿತು ಕೌದಿಗೆ ಮುಖ ಒತ್ತಿ ದಾರಿಯುದ್ದಕ್ಕೂ ಅಳುತ್ತಾ ಹೋದೆ.

ಹೆಣ್ಣು ಮಗುವಾಯಿತು, ಇಬ್ಬರೂ ಗಟ್ಟಿಯಾಗಿದ್ದೆವು. ಐದನೆಯ ತಿಂಗಳಲ್ಲಿ ಅಪ್ಪ ನನ್ನನ್ನೂ ಮಗುವನ್ನೂ ಬಿಡಲು ಬಂದವನು ಕಟ್ಟೆ ಮುಗಿಯುವ ಕಡೆ ಗಾಡಿ ನಿಲ್ಲಿಸಿಬಿಟ್ಟ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲೊಲ್ಲ. "ಬೇರೆಯೋರ ಊರು, ಕೇಳ್ದೆ ಎಂಗ್ ಬರದು?" ಎಂದು ಅಲ್ಲಿಂದಲೇ, "ಅಮ್ಮಾ, ಬರ್ಲಾ?" ಎಂದು ಕೂಗಿದ. ಚುಚ್ಚುವುದಕ್ಕೇ ಕೂಗಿದ್ದು. ಅತ್ತೆ ಕಡಿಮೆಯವರೇ? "ನಿಂತ್ಕೊ ಅಣ್ಣ, ಪಾತ್ರೆ ತೊಳೀತಿದೀನಿ," ಎಂದು ಪಾತ್ರೆಯೆಲ್ಲ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಆಮೇಲೆ ಬಾ ಎಂದರು. ಅಂದಿನಿಂದ ಅದೇ ಪದ್ಧತಿಯಾಯಿತು. ಅಪ್ಪ ಯಾವಾಗ ಬಂದರೂ ಕಟ್ಟೆಯ ತುದಿಯಲ್ಲಿ ನಿಂತು ಕೂಗುವುದು, ಅತ್ತೆ ಅವನನ್ನು ಬಿಸಿಲಲ್ಲಿ ಕಾಯಿಸಿ ಕರೆಯುವುದು. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ನನ್ನ ಅಡುಗೆಯನ್ನು ಬೈಯುತ್ತಿದ್ದರು. ಅದರಲ್ಲಿ ಎರಡು ಊರಿಗೂ ಒಂದೇ ಅಭಿಪ್ರಾಯವಿತ್ತು.

ಅರವತ್ತರ ದಶಕದ ಕೊನೆಯಲ್ಲಿ ಅತ್ತೆ ತೀರಿಕೊಂಡರು. ತಿಥಿಯ ದಿನ ಎಲೆ ಹಾಕಿ ಎಲ್ಲರೂ ಕುಳಿತಿದ್ದರು, ಅಪ್ಪನ ಸುಳಿವಿಲ್ಲ. ಹೊರಗೆ ಬಂದು ನೋಡಿದರೆ ಕಟ್ಟೆಯ ತುದಿಯಲ್ಲಿ, ಬಿಸಿಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ನಾನು ಓಡಿದೆ.

"ಬಾಪ್ಪ, ಎಲ್ರೂ ಕಾಯ್ತಾವ್ರೆ."

"ಗೊತ್ತು ಕಣಮ್ಮ," ಎಂದ. "ಇಲ್ಲಿಗ್ ಬಂದೆ, ಬರ್ಲಾ ಅಂದೆ. ಆಕೆ ಬಾ ಅನ್ನೋವರ್ಗೂ ಕಾಲೇ ಬತ್ತಿಲ್ಲ."

ಅತ್ತೆಯ ಹಾಗೆ ನಾನು ಬಾ ಎಂದು ಕೂಗಲಿಲ್ಲ. ಅವನ ಕೈಯಿಂದ ಚಪ್ಪಲಿ ತೆಗೆದುಕೊಂಡು ಪಕ್ಕದಲ್ಲಿ ನಿಂತೆ. ಪಾತ್ರೆಯೆಲ್ಲ ತೊಳೆದು ಬೋರಲು ಹಾಕುವಷ್ಟು ಹೊತ್ತು ಇಬ್ಬರೂ ಅಲ್ಲೇ ನಿಂತಿದ್ದು, ಆಮೇಲೆ ಒಳಗೆ ಹೋದೆವು.