ಬಲಗೊಳವೆಯ ಎಣ್ಣೆ

ಕೊಚ್ಚಿಯ ಕಲೂರಿನ ನಮ್ಮ ಮನೆಗೆ ಮಗಳು ಫೋನ್ ಮಾಡಿ, ಮುಂದಿನ ಚಕ್ರ ಕುಣಿದು ಬಿದ್ದೆ, ಮಣ್ಣುಹಾದಿಯ ಈ ಡರ್ಟ್ ಬೈಕನ್ನು ಮಾರಿಬಿಡುತ್ತೇನೆ ಎಂದ ಮರುದಿನವೇ ನಾನು ತಿರುವನಂತಪುರದ ರೈಲು ಹತ್ತಿದೆ. ಚೀಲದಲ್ಲಿ ಸ್ಪ್ಯಾನರುಗಳು, ಹೊಸ ಆಯಿಲ್ ಸೀಲ್‌ಗಳು ಮತ್ತು ಮುಂದಿನ ಚಕ್ರದ ಫೋರ್ಕಿಗೆ ತುಂಬುವ ಒಂದು ಡಬ್ಬಿ ಎಣ್ಣೆ ಇದ್ದವು. ಕಿಟಕಿಯಾಚೆ ಹಿನ್ನೀರು ಬಂದು ಬಂದು ಹೋಗುತ್ತಿತ್ತು. ಅದರೊಳಗೆ ತೆಂಗಿನ ಮರಗಳು ತಲೆಕೆಳಗಾಗಿ ನಿಂತು, ಸಣ್ಣಗೆ ನಡುಗಿ, ಮತ್ತೆ ನೆಟ್ಟಗಾಗುತ್ತಿದ್ದವು. ಅರೆನಿದ್ದೆಯಲ್ಲಿ ಅವಳ ಮಾತು ಮರುಕಳಿಸುತ್ತಿತ್ತು: "ಬೈಕ್ ಸರಿ ಇದೆ ಅಪ್ಪಾ. ನನ್ನ ಕೈಗೇ ಪೇಡಿ."

ಭಯಕ್ಕೆ ಅವಳ ಬಾಯಿಗೆ ಬರುವುದು ಮಲಯಾಳದ ಪದವೇ. ತಾಯಿಗೆ ಬ್ಯಾಂಕಿನಲ್ಲಿ ವರ್ಗವಾದಂದಿನಿಂದ ಕೊಚ್ಚಿಯಲ್ಲಿ ಬೆಳೆದವಳು ಅವಳು. ಮೈಸೂರಿನಲ್ಲಿ ಮಕ್ಕಳಿಗೆ ವ್ಯಾಕರಣ ಕಲಿಸಿ, ಅಲ್ಪವಿರಾಮಕ್ಕೂ ಅಂಕ ಕಳೆಯುತ್ತಿದ್ದ ನಾನು ಆ ಪದವನ್ನು ತಿದ್ದಲಿಲ್ಲ.

ಕಾಲೇಜು ಓದಲು ತಿರುವನಂತಪುರಕ್ಕೆ ಬಂದಾಗಿನಿಂದ ಉಳ್ಳೂರಿನಲ್ಲಿ ನಿವೃತ್ತ ನರ್ಸ್ ಒಬ್ಬರ ಮನೆಯ ಮಹಡಿಯ ಕೋಣೆ ಅವಳ ವಾಸ. ಮನೆಯೊಡತಿಯನ್ನು ನಾವಿಬ್ಬರೂ ಚೇಚಿ, ಅಂದರೆ ಅಕ್ಕ, ಎನ್ನುತ್ತೇವೆ. ನಾನು ತಲುಪಿದಾಗ ಆಗಷ್ಟೇ ಮಳೆ ನಿಂತು, ಅಂಗಳದಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಕಾರ್ ಷೆಡ್ಡಿನಲ್ಲಿ ಬೈಕು ಮಿಂದು ಮಡಿಯುಟ್ಟಂತೆ ಹೊಳೆಯುತ್ತಿತ್ತು.

"ಬೀಳುವ ಮೊದಲು ಏನಾಯಿತು? ಕ್ರಮವಾಗಿ ಹೇಳು."

"ವೈವಾ ಪರೀಕ್ಷೆನಾ ಅಪ್ಪಾ?" ಎಂದಳು. ಆಮೇಲೆ ಹೇಳಿದಳು: "ರಬ್ಬರ್ ತೋಟದ ಟ್ರ್ಯಾಕ್. ಮೊದಲ ಸುತ್ತು ಅಡಿಪೊಳಿ, ಸೂಪರ್. ಹೋಗ್ತಾ ಹೋಗ್ತಾ ಮುಂದಿನ ಚಕ್ರ ಕುಣಿಯೋಕೆ ಶುರು, ಹ್ಯಾಂಡಲ್ ನಿಲ್ಲೋದೇ ಇಲ್ಲ. ನೀನು ಹೆದರಿ ಬಿಗಿಯಾಗಿ ಹಿಡೀತೀಯ ಅಂದ್ರು ಜೊತೆಗೆ ಓಡಿಸೋರೆಲ್ಲ. ಇರಬೋದು."

"ಹೆದರಿಕೆಯಾದರೆ ಮೊದಲ ಸುತ್ತಿನಲ್ಲೇ ಬರಬೇಕಿತ್ತಲ್ಲ?"

ನಾವಿಬ್ಬರೂ ಬೈಕನ್ನು ಸ್ಟ್ಯಾಂಡಿನ ಮೇಲೆತ್ತಿ, ಮುಂದಿನ ಚಕ್ರ ಕಳಚಿ, ಅದನ್ನು ಹಿಡಿದಿದ್ದ ಫೋರ್ಕಿನ ಎರಡು ಕೊಳವೆಗಳನ್ನೂ ಇಳಿಸಿದೆವು. ಎಡಗೊಳವೆಯ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಅದು ಜೇನಿನಂತೆ ಇಳಿಯಿತು, ಬೆಳಕು ಅದರಲ್ಲಿ ಹಾಯಾಗಿ ಈಜಿತು. ಬಲಗೊಳವೆಯಿಂದ ಇನ್ನೊಂದು ಲೋಟಕ್ಕೆ ಬಂದದ್ದು ಬೇರೆಯೇ: ಬೆಳ್ಳಗೆ ಕದಡಿದ, ನೊರೆಗಟ್ಟಿದ ದ್ರವ.

ಬಾಗಿಲಿಗೆ ಬಂದ ಚೇಚಿ ಹಾಲುಚಹಾದಂಥ ಆ ಲೋಟ ನೋಡಿ ಮಲಯಾಳದಲ್ಲೇ ನಕ್ಕರು. "ಸಾರೇ, ಚಾಯ ಕೊಡಬೇಕಾದದ್ದು ನಾನಲ್ಲವಾ?"

ಬೆರಳುಗಳ ನಡುವೆ ತಿಕ್ಕಿದೆ. ಮಣ್ಣಿನ ತರಿ ಸಿಗಲಿಲ್ಲ. ಬಿಸಿಲಿಗೆ ಹಿಡಿದೆ, ಲೋಹ ಸವೆದ ಮಿನುಗೂ ಇರಲಿಲ್ಲ. ಚೇಚಿಯಿಂದ ಹಳೆಯ ಕಬ್ಬಿಣದ ಸೌಟೊಂದನ್ನು ಬೇಡಿ, ಸಣ್ಣ ಉರಿಯಲ್ಲಿ ಕಾಯಿಸಿ, ಒಲೆ ಆರಿಸಿ, ಒಂದು ಹನಿ ಬಿಟ್ಟೆ. ಚಟಚಟ ಸಿಡಿಯಿತು.

"ನೀರು ಸೇರಿದೆ."

"ಇಷ್ಟು ಕಾಲ ಮನುಷ್ಯರ ಕಾಲಲ್ಲಿ ನೀರು ತುಂಬಿದ್ದು ನೋಡಿದೆ," ಎಂದರು ಚೇಚಿ, "ಬೈಕಿಗೂ ತುಂಬುತ್ತದೆಯಾ?"

"ಒಂದೇ ಕಾಲಿಗೆ ಹೇಗೆ ಹೋಯ್ತು?" ಎಂದಳು ಮಗಳು. ಅಷ್ಟು ಹೇಳಿ ಅವಳೇ ಗೇಟಿನ ಕಡೆ ನೋಡಿದಳು. ಕೆಸರು ಗೇಟು ದಾಟಬಾರದೆಂಬುದು ಚೇಚಿಯ ಮನೆಯ ನಿಯಮ. ಪ್ರತಿ ಸವಾರಿಯ ನಂತರ ಮಗಳು ಗೇಟಿನ ಹೊರಗೆ ಬೈಕಿನ ಎಡಮಗ್ಗುಲನ್ನು ಗೋಡೆಗೆ ಸೇರಿಸಿ ನಿಲ್ಲಿಸಿ, ಕಾರು ತೊಳೆಯುವ ಪ್ರೆಷರ್ ಪಂಪನ್ನು ಹತ್ತಿರದಿಂದಲೇ ಹಿಡಿಯುತ್ತಿದ್ದಳು. ಆ ಧಾರೆ ಬಲಗೊಳವೆಯ ಬಾಯಿ ಮುಚ್ಚಿದ್ದ ಸೀಲನ್ನು ಸರಿಸಿ ಒಳಗೆ ನುಗ್ಗಿತ್ತು. ಬೈಕು ಓಡುತ್ತ ಓಡುತ್ತ ನೀರು ಬೆರೆತ ಎಣ್ಣೆ ನೊರೆಯಾಗುತ್ತದೆ. ನೊರೆಗೆ ಕೊಳವೆಯೊಳಗಿನ ಸ್ಪ್ರಿಂಗನ್ನು ಅಂಕೆಯಲ್ಲಿಡುವ ಶಕ್ತಿಯಿಲ್ಲ; ಅದಕ್ಕೇ ಮೊದಲ ಸುತ್ತಿನ ನಂತರ ಚಕ್ರ ಕುಣಿದದ್ದು.

ಚೇಚಿಯ ಮುಖ ಸಪ್ಪಗಾಯಿತು. "ಅಯ್ಯೋ ಮೋಳೇ, ನನ್ನ ಗೇಟಿಂದಲೇ ಬಿದ್ದೆಯಾ?"

ಮಗಳು ಲೋಟವನ್ನು ಬೆಳಕಿಗೆ ಹಿಡಿದಳು. "ಅಪ್ಪಾ, ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

ನಾನು ಸೌಟನ್ನು ಅವಳ ಕೈಗೆ ಕೊಟ್ಟೆ. ಅವಳು ಮತ್ತೆ ಕಾಯಿಸಿ ಎಡಗಡೆಯ ಎಣ್ಣೆಯ ಹನಿ ಬಿಟ್ಟಳು. ಅದು ಸದ್ದಿಲ್ಲದೆ ಹರಡಿತು. ಬಲಗಡೆಯದನ್ನು ಬಿಟ್ಟಳು, ಸಿಡಿಯಿತು. ನಂಬಿಕೆ ಬಾರದವಳಂತೆ ಇನ್ನೊಮ್ಮೆ ಬಿಟ್ಟಳು. ಆ ಚಟಪಟ ಸದ್ದಿಗೆ ಅವಳ ಹೆಗಲು ಸಡಿಲವಾದದ್ದನ್ನು ನಾನು ಕಂಡೆ.

ಕೊಳವೆಗಳನ್ನು ತೊಳೆದು ಒರೆಸಿ, ಸೀಲ್ ಬದಲಿಸಿ, ಎರಡಕ್ಕೂ ಒಂದೇ ಮಟ್ಟಕ್ಕೆ ಹೊಸ ಎಣ್ಣೆ ತುಂಬಿದೆವು. ಎಲ್ಲವನ್ನೂ ಜೋಡಿಸುವಷ್ಟರಲ್ಲಿ ಸಂಜೆ ಇಳಿಯುತ್ತಿತ್ತು. ಮನೆಯ ಹಿಂದೆ ಗುಂಡಿಗಳೇ ತುಂಬಿದ ಖಾಲಿ ಬಯಲಿದೆ. ಅವಳು ಅತ್ತ ಹೋದಳು. ನಾನು ಗೋಡೆಗೊರಗಿ ಕಣ್ಣು ಮುಚ್ಚಿದೆ. ಎಂಜಿನ್ನಿನ ಸದ್ದು ಕನಸಿನೊಳಗಿನ ದುಂಬಿಯಂತೆ ದೂರವಾಯಿತು, ಹತ್ತಿರವಾಯಿತು. ಗುಂಡಿಗಳು ಬಂದಾಗ ತಗ್ಗುತ್ತಿತ್ತು. ಸುತ್ತುಗಳು ಹೆಚ್ಚಾದಂತೆ ತಗ್ಗುವುದು ಕಡಿಮೆಯಾಯಿತು, ಕಡೆಗೆ ಗುಂಡಿಗಳಲ್ಲೂ ಸದ್ದು ತಗ್ಗಲಿಲ್ಲ.

ಅವಳು ನನ್ನ ಮುಂದೆ ಬಂದು ನಿಂತಳು. ಕೆನ್ನೆಯವರೆಗೂ ಕೆಂಪು ಕೆಸರು.

"ಅಪ್ಪಾ, ಬೈಕ್ ನೋಡೋಕೆ ನಾಳೆ ಕೊಚ್ಚಿಯ ಎಡಪ್ಪಳ್ಳಿಯಿಂದ ಒಬ್ರು ಬರ್ತಾರೆ. ಬರಬೇಡಿ ಅಂತ ನೀನೇ ಫೋನ್ ಮಾಡ್ತೀಯಾ?"

"ನೀನೇ ಮಾಡಬಹುದಲ್ಲ?"

"ನಂಗೆಲ್ಲಿ ಪುರುಸೊತ್ತು?" ಎಂದು ಬೈಕನ್ನು ಬಯಲಿನತ್ತ ತಿರುಗಿಸಿದಳು.